ಸಾಲ್ವಡಾರ್ ಬೀದಿಯಲ್ಲಿ ಗಾಂಧಿಯ ಮಕ್ಕಳು

ಕಬ್ಬಿಣದ ಎರಡು ಗಂಟೆ, ಒಂದು ಸಣ್ಣದು, ಒಂದು ದೊಡ್ಡದು. ಕೋಲಿನಿಂದ ಬಡಿದರೆ ಒಂದರದ್ದು ಕೀಚಲು ದನಿ, ಇನ್ನೊಂದರದ್ದು ಗಡಸು ದನಿ. ಇದು ಅಗೊಗೊ. ಬ್ರೆಜಿಲ್‌ನ ಸಾಲ್ವಡಾರ್ ನಗರದಲ್ಲಿ ಬೀದಿ ಮೆರವಣಿಗೆಯ ಹಬ್ಬವಾದ ಕಾರ್ನಿವಲ್ ದಿನ ಈ ಗಂಟೆ ಕೇಳಿದರೆ ಜನ ದಾರಿ ಬಿಡುತ್ತಾರೆ. ಹಿಂದೆಯೇ ಬಿಳಿ ಟವೆಲಿನ ರುಮಾಲು ಸುತ್ತಿ, ನೀಲಿ-ಬಿಳಿ ಮಣಿಸರ ಹಾಕಿದ ಗಂಡಸರ ದೊಡ್ಡ ಗುಂಪು ಬರುತ್ತದೆ. ಹೆಸರು 'ಫಿಲ್ಯೋಸ್ ಡಿ ಗಾಂಧಿ', ಅಂದರೆ ಗಾಂಧಿಯ ಮಕ್ಕಳು. ಹೌದು, ನಮ್ಮ ಗಾಂಧಿಯೇ!

1949ರಲ್ಲಿ ಈ ತಂಡ ಕಟ್ಟಿದವರು ಬಂದರಿನಲ್ಲಿ ಮೂಟೆ ಹೊರುತ್ತಿದ್ದವರು. ಗಾಂಧೀಜಿ ತೀರಿಕೊಂಡು ಆಗಿನ್ನೂ ಒಂದು ವರ್ಷವಾಗಿತ್ತು. ಹೊಸ ಬಟ್ಟೆಗೆ ದುಡ್ಡಿರಲಿಲ್ಲ, ಮನೆಯ ಹಾಸಿಗೆ ಬಟ್ಟೆಯನ್ನೇ ಸುತ್ತಿಕೊಂಡು ಹೊರಟರು. ಗಾಂಧಿ ಯಾಕೆ? ಕಪ್ಪು ಜನ ಡೋಲು ಹಿಡಿದು ಬೀದಿಗಿಳಿದರೆ ಪೊಲೀಸರ ಕಣ್ಣು ಅವರ ಮೇಲೇ ಇರುತ್ತಿದ್ದ ಕಾಲ ಅದು. ಬ್ರೆಜಿಲ್‌ನಲ್ಲಿ ಗುಲಾಮಗಿರಿ ಹೋದದ್ದು 1888ರಲ್ಲಿ. ಆಮೇಲೂ ಆಫ್ರಿಕಾದಿಂದ ಬಂದ ಕಂದೊಂಬ್ಲೆ ಪೂಜೆಗೆ, ಅದರ ಡೋಲಿಗೆ ಕಾಟ ತಪ್ಪಲಿಲ್ಲ. ಶಾಂತಿಯ ಹೆಸರು ಹೊತ್ತು ನಡೆದವರು ನುಡಿಸಿದ್ದು ಮಾತ್ರ ಅದೇ ಪೂಜೆಯ ಇಜೆಷಾ ತಾಳವನ್ನು. ಈ ಧೈರ್ಯ ನನಗೆ ತುಂಬ ದೊಡ್ಡದಾಗಿ ಕಾಣುತ್ತದೆ.

70ರ ದಶಕಕ್ಕೆ ತಂಡ ಸೊರಗಿತ್ತು. ಗಡಿಪಾರಾಗಿ ಲಂಡನ್‌ನಲ್ಲಿದ್ದು 1972ರಲ್ಲಿ ಮರಳಿದ ಗಾಯಕ ಜಿಲ್ಬೆರ್ತೊ ಜಿಲ್, ಬೆರಳೆಣಿಕೆಯ ಜನ ಉಳಿದದ್ದು ನೋಡಿ ತಾವೇ ಸೇರಿಕೊಂಡರು, ಹಾಡೂ ಕಟ್ಟಿದರು. ಗುಂಪು ಮತ್ತೆ ಬೆಳೆಯಿತು.

ಅದೇ ಹೊತ್ತಿಗೆ ಊರಿನ ಇನ್ನೊಂದು ಮೂಲೆಯಲ್ಲಿ ಬೇರೆ ಕೆಚ್ಚು ಹುಟ್ಟಿತು. ಲಿಬರ್ದಾಜಿ ಬಡಾವಣೆಯ ಕುರುಝುವಿನಲ್ಲಿ 1974ರಲ್ಲಿ ಕಪ್ಪು ಯುವಕರು 'ಇಲೆ ಅಯ್ಯೆ' ಕಟ್ಟಿದರು. ಇಲ್ಲಿ ಕಪ್ಪು ಜನರಷ್ಟೇ ಮೆರವಣಿಗೆ ಹೋಗಬಹುದು. ಮರುವರ್ಷ ಬೀದಿಗೆ ಬಂದಾಗ ಊರಿನ ಪತ್ರಿಕೆಯೊಂದು ಅವರನ್ನೇ ಜನಾಂಗದ್ವೇಷಿಗಳು ಅಂದಿತು. ಅವರು ಬಗ್ಗಲಿಲ್ಲ.

ಡೋಲಿನ ನಡೆ ಬದಲಾದದ್ದೂ ಈ ತಂಡಗಳಿಂದಲೇ. ಇಲೆ ಅಯ್ಯೆಯಲ್ಲಿ ಪಳಗಿದ ಡೋಲುಗಾರ ನೆಗಿನ್ಯೊ ದೊ ಸಾಂಬಾ, 1979ರಲ್ಲಿ ಊರಿನ ಹಳೇ ಭಾಗ ಪೆಲೊರಿನ್ಯೊದಲ್ಲಿ ಹುಟ್ಟಿದ ಒಲೊಡುಂ ತಂಡಕ್ಕೆ ಬಂದು, ಬ್ರೆಜಿಲ್‌ನ ಸಾಂಬಾಕ್ಕೆ ಜಮೈಕಾದ ರೆಗ್ಗೆ ಬೆರೆಸಿದ ಸಾಂಬಾ-ರೆಗ್ಗೆ ತಾಳ ಬೆಳೆಸಿದರು. ಸುರ್ದೊ ಅನ್ನೋ ದಪ್ಪ ಡೋಲುಗಳು ಒಂದು ಕರೆದರೆ ಇನ್ನೊಂದು ಓಗೊಡುತ್ತವೆ. ಮೇಲೆ ಸಣ್ಣ ಡೋಲುಗಳು ಎರಡು ತೆಳು ಕೋಲಲ್ಲಿ ಚಟಪಟ ಅನ್ನುತ್ತವೆ. ಸಾಂಬಾಕ್ಕಿಂತ ನಿಧಾನ, ಆದರೆ ಎದೆಗೇ ಬಡಿಯುತ್ತದೆ. ಅಮೆರಿಕದ ಗಾಯಕ ಪಾಲ್ ಸೈಮನ್ 1990ರ ತಮ್ಮ ಆಲ್ಬಮ್‌ಗೆ ಈ ಸದ್ದು ಬಳಸಿದರು. 1996ರಲ್ಲಿ ಮೈಕಲ್ ಜಾಕ್ಸನ್ ಒಲೊಡುಂ ಜೊತೆ ಪೆಲೊರಿನ್ಯೊದ ಕಲ್ಲುಹಾಸಿನ ಬೀದಿಯಲ್ಲಿ ಕುಣಿದರು. ಜಗತ್ತು ಕೇಳಿದ್ದು ಆಗ. ಆದರೆ ಅಷ್ಟರಲ್ಲಿ ನೆಗಿನ್ಯೊ 1993ರಲ್ಲೇ ಹೆಣ್ಣುಮಕ್ಕಳ ಡೋಲಿನ ತಂಡ 'ದಿದಾ' ಕಟ್ಟಿಯಾಗಿತ್ತು. ನನಗೆ ಅದೇ ಜಾಸ್ತಿ ಮುಖ್ಯ ಅನ್ನಿಸುತ್ತದೆ.

ಕಾರ್ನಿವಲ್ ಶನಿವಾರ ರಾತ್ರಿ ಕುರುಝುವಿನಲ್ಲಿ ಇಲೆ ಅಯ್ಯೆಯ ಮೆರವಣಿಗೆ ಹೊರಡುವ ಮುಂಚೆ ಪೂಜೆ ನಡೆಯುತ್ತದೆ. ಜೋಳದ ಅರಳನ್ನು ಜನರ ಮೇಲೆ ಎರಚುತ್ತಾರೆ, ಬಿಳಿ ಪಾರಿವಾಳ ಹಾರಿಬಿಡುತ್ತಾರೆ. ಆಮೇಲೆ ಸುರ್ದೊದ ಮೊದಲ ಪೆಟ್ಟು ಬೀಳುತ್ತದೆ.