ಸಂಭವನೀಯತೆ: ಪ್ರಶ್ನೆಯೇ ಗೊಂದಲದಲ್ಲಿದ್ದರೆ ಏನು ಮಾಡೋದು?

ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ ಬ್ಯಾಂಕುಗಳೆಲ್ಲ ಹುಟ್ಟಿದ್ದು ನಮ್ಮ ಮಂಗಳೂರು–ಉಡುಪಿಯಲ್ಲೇ. ಅದಕ್ಕೋ ಏನೋ, ಇಲ್ಲಿ ಬ್ಯಾಂಕ್ ಪರೀಕ್ಷೆಗೆ ಓದುವವರಿಗೆ ಬರ ಇಲ್ಲ. ಅವರಲ್ಲಿ ಹೆಚ್ಚಿನವರಿಗೆ ಸಂಭವನೀಯತೆಯ ಸೂತ್ರ ಬಾಯಿಪಾಠ. ಆದರೂ ಉತ್ತರ ತಪ್ಪುತ್ತದೆ. ಪ್ರಶ್ನೆಯನ್ನು ಎರಡು ರೀತಿ ಓದಲು ಬರುತ್ತದೆ, ನಾವು ಓದಿದ್ದು ಒಂದು, ಪ್ರಶ್ನೆ ಮಾಡಿದವರ ತಲೆಯಲ್ಲಿದ್ದದ್ದು ಇನ್ನೊಂದು.

ಸುಲಭದ್ದು ಮೊದಲು. 60 ಮಂದಿಯ ಕ್ಲಾಸಿನಲ್ಲಿ 35 ಮಂದಿಗೆ ತುಳು ಬರುತ್ತದೆ, 20 ಮಂದಿಗೆ ಕೊಂಕಣಿ, 10 ಮಂದಿಗೆ ಎರಡೂ. ಒಬ್ಬರನ್ನು ಆರಿಸಿದರೆ ಅವರಿಗೆ ತುಳು ಅಥವಾ ಕೊಂಕಣಿ ಬರುವ ಸಂಭವನೀಯತೆ ಎಷ್ಟು? ಗಣಿತದಲ್ಲಿ ‘ಅಥವಾ’ ಅಂದರೆ ಎರಡೂ ಬರುವವರೂ ಸೇರಿದರು. 35 + 20 − 10 = 45, ಉತ್ತರ 3/4. ‘ಯಾವುದಾದರೂ ಒಂದು ಮಾತ್ರ’ ಎಂದಿದ್ದರೆ ಆ 10 ಮಂದಿ ಹೊರಗೆ, ಉತ್ತರ 7/12. ‘ಮಾತ್ರ’ ಕಾಣದಿದ್ದರೆ ಮೊದಲನೆಯದೇ ಸರಿ. (ಎರಡೂ ಬರುವವರು ಒಬ್ಬರೂ ಇಲ್ಲದ ಕ್ಲಾಸ್ ಮಂಗಳೂರಿನಲ್ಲಿ ಎಲ್ಲುಂಟು ಹೇಳಿ!)

ಚೆಂಡಿನ ಲೆಕ್ಕವೂ ಇಂಥದ್ದೇ. 3 ಕೆಂಪು, 2 ನೀಲಿ ಇರುವ ಚೀಲದಿಂದ ಎರಡು ತೆಗೆದರೆ ಎರಡೂ ಕೆಂಪಾಗುವುದು 3/10. ಮೊದಲನೆಯದನ್ನು ಚೀಲಕ್ಕೆ ವಾಪಸ್ ಹಾಕಿ ಎರಡನೆಯದನ್ನು ತೆಗೆದರೆ 9/25. ವಾಪಸ್ ಹಾಕುವ ಮಾತೇ ಇಲ್ಲದಿದ್ದರೆ ಹಾಕಿಲ್ಲ ಎಂದೇ ಹಿಡಿಯಿರಿ.

ಈಗ ನಿಜವಾಗಿ ತಲೆ ತಿನ್ನುವ ಪ್ರಶ್ನೆ. ಕಾಪುವಿನ ಒಂದು ಮನೆಯಲ್ಲಿ ಇಬ್ಬರು ಮಕ್ಕಳು. ಒಬ್ಬಳು ಹುಡುಗಿ. ಇನ್ನೊಂದು ಮಗುವೂ ಹುಡುಗಿಯಾಗಿರುವ ಸಂಭವನೀಯತೆ ಎಷ್ಟು? ಕೆಲವರು 1/2 ಅನ್ನುತ್ತಾರೆ, ಕೆಲವರು 1/3. ಇಬ್ಬರೂ ಜಗಳಕ್ಕೆ ನಿಲ್ಲುತ್ತಾರೆ. ಭಿನ್ನರಾಶಿ ಬಿಟ್ಟು ಮನೆ ಎಣಿಸಿದರೆ ಜಗಳ ಮುಗಿಯುತ್ತದೆ.

ಇಬ್ಬರು ಮಕ್ಕಳಿರುವ 400 ಮನೆ ತೆಗೆದುಕೊಳ್ಳಿ. 100ರಲ್ಲಿ ಇಬ್ಬರೂ ಹುಡುಗಿಯರು, 100ರಲ್ಲಿ ಇಬ್ಬರೂ ಹುಡುಗರು, 200ರಲ್ಲಿ ಒಂದು ಗಂಡು ಒಂದು ಹೆಣ್ಣು. ಮನೆ ಮನೆಗೆ ಹೋಗಿ ‘ಕನಿಷ್ಠ ಒಬ್ಬಳಾದರೂ ಹುಡುಗಿ ಇದ್ದಾಳಾ?’ ಎಂದು ಕೇಳಿದರೆ 300 ಮನೆಯವರು ಹೌದು ಅನ್ನುತ್ತಾರೆ. ಅದರಲ್ಲಿ 100 ಮನೆಯಲ್ಲಿ ಇಬ್ಬರೂ ಹುಡುಗಿಯರು. ಉತ್ತರ 1/3.

ಕೇಳಲು ಹೋಗಲಿಲ್ಲ, ಆ ಮನೆಯ ಒಂದು ಮಗು ಸುಮ್ನೆ ಪೇಟೆಯಲ್ಲಿ ಕಣ್ಣಿಗೆ ಬಿತ್ತು, ಅದು ಹುಡುಗಿ ಅಂತಿಟ್ಟುಕೊಳ್ಳಿ. ಇಬ್ಬರೂ ಹುಡುಗಿಯರಿರುವ 100 ಮನೆಯಿಂದ ಹುಡುಗಿಯೇ ಕಾಣಬೇಕು. ಗಂಡು–ಹೆಣ್ಣು ಇರುವ 200 ಮನೆಯಲ್ಲಿ ಅರ್ಧದಷ್ಟು ಸಲ, ಅಂದರೆ 100 ಸಲ, ಹುಡುಗಿ ಕಾಣುತ್ತಾಳೆ. ಹೀಗೆ ಹುಡುಗಿ ಕಂಡ ಒಟ್ಟು 200 ಸಲದಲ್ಲಿ 100 ಸಲ ಇನ್ನೊಂದು ಮಗುವೂ ಹುಡುಗಿ, ಉತ್ತರ 1/2. ‘ದೊಡ್ಡವಳು ಹುಡುಗಿ’ ಎಂದರೂ 1/2.

ಮಕ್ಕಳು ಬದಲಾಗಲಿಲ್ಲ. ಸುದ್ದಿ ನಮಗೆ ತಲುಪಿದ ದಾರಿ ಬದಲಾಯಿತು, ಅಷ್ಟೇ. ಗಣಿತದ ಒಗಟುಗಳ ಅಂಕಣ ಬರೆಯುತ್ತಿದ್ದ ಮಾರ್ಟಿನ್ ಗಾರ್ಡ್ನರ್ 1959ರಲ್ಲಿ ಈ ಒಗಟನ್ನು ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ಹಾಕಿ 1/3 ಎಂದು ಉತ್ತರ ಕೊಟ್ಟಿದ್ದರು. ಆಮೇಲೆ ಪ್ರಶ್ನೆಯೇ ಸ್ಪಷ್ಟವಿಲ್ಲ ಎಂದು ಅವರೇ ಒಪ್ಪಿಕೊಂಡರು. ಪರೀಕ್ಷೆಯಲ್ಲಿ ವಾದ ಮಾಡಲು ಆಗುವುದಿಲ್ಲ ಅಲ್ವಾ? ‘ಕನಿಷ್ಠ’ ಎಂಬ ಪದ ಇದ್ದರೆ 1/3. ಬರೀ ‘ಒಬ್ಬಳು ಹುಡುಗಿ’ ಎಂದಿದ್ದು, ಆಪ್ಷನ್‌ನಲ್ಲಿ ಎರಡೂ ಇದ್ದರೆ, ನಾನಾದರೆ 1/3ಕ್ಕೇ ಟಿಕ್ ಹಾಕುತ್ತೇನೆ. ಈ ಪ್ರಶ್ನೆ ಕೇಳುವವರು ಸಾಮಾನ್ಯವಾಗಿ ‘ಕನಿಷ್ಠ’ವನ್ನು ಮನಸ್ಸಿನಲ್ಲಿಟ್ಟುಕೊಂಡೇ ಕೇಳಿರುತ್ತಾರೆ.

ಮೂರು ಡಬ್ಬದ ಆಟವನ್ನೂ ಇದೇ ಕಣ್ಣಿನಿಂದ ನೋಡಿ. ಜಾತ್ರೆಯ ಸ್ಟಾಲ್‌ನಲ್ಲಿ ಮೂರು ಡಬ್ಬ, ಒಂದರಲ್ಲಿ ಬಹುಮಾನ. ನೀವು ಒಂದನ್ನು ಮುಟ್ಟುತ್ತೀರಿ. ಸ್ಟಾಲಿನವನು ಉಳಿದ ಎರಡರಲ್ಲಿ ಒಂದನ್ನು ತೆರೆಯುತ್ತಾನೆ, ಅದು ಖಾಲಿ. ಈಗ ನಿಮ್ಮ ಡಬ್ಬ ಬದಲಿಸಬೇಕಾ? ಅವನಿಗೆ ಬಹುಮಾನ ಎಲ್ಲಿದೆ ಎಂದು ಗೊತ್ತಿದ್ದು, ಯಾವಾಗಲೂ ಖಾಲಿಯದನ್ನೇ ತೆರೆಯುವವನಾದರೆ 300 ಆಟದಲ್ಲಿ 200 ಸಲ ಬದಲಿಸಿದವರಿಗೇ ಗೆಲುವು. ಗೊತ್ತಿಲ್ಲದೆ ತೆರೆಯುವವನಾದರೆ 100 ಆಟದಲ್ಲಿ ಬಹುಮಾನವೇ ಹೊರಬಿದ್ದು ಆಟ ಅಲ್ಲಿಗೇ ಕೆಡುತ್ತದೆ. ಉಳಿದ 200ರಲ್ಲಿ ಬದಲಿಸಿದರೂ 100, ಬಿಟ್ಟರೂ 100. 1990ರಲ್ಲಿ ಅಮೆರಿಕದ ‘ಪರೇಡ್’ ಪತ್ರಿಕೆಯಲ್ಲಿ ಅಂಕಣಗಾರ್ತಿ ಮೆರಿಲಿನ್ ವಾಸ್ ಸವಾಂಟ್ ಇಂಥದ್ದೇ ಪ್ರಶ್ನೆಗೆ ‘ಬದಲಿಸಿ’ ಎಂದು ಬರೆದಾಗ, ಅದು ತಪ್ಪು ಎಂದು ಸಾವಿರಾರು ಪತ್ರಗಳು ಬಂದು ಬಿದ್ದವು. ಹೆಚ್ಚಿನವರದ್ದು ಲೆಕ್ಕದ ತಪ್ಪೇ. ಆದರೆ ತೆರೆಯುವವನ ನಿಯಮವನ್ನು ಪ್ರಶ್ನೆಯೂ ಪೂರ್ತಿ ಹೇಳಿರಲಿಲ್ಲ. ಟೆಸ್ಟ್‌ನಲ್ಲಿ ಅವನಿಗೆ ಗೊತ್ತುಂಟು ಎಂದೇ ಹಿಡಿದು 2/3 ಬರೆಯಿರಿ.

ಎಷ್ಟು ಓದಿದರೂ ಎರಡು ಅರ್ಥ ಉಳಿದರೆ ಎರಡಕ್ಕೂ ಉತ್ತರ ತೆಗೆದು ಆಪ್ಷನ್ ನೋಡಿ. ಸುಮಾರು ಸಲ ಒಂದೇ ಅಲ್ಲಿರುತ್ತದೆ. ಎರಡೂ ಇದ್ದರೆ ಬಿಡಬೇಕಾ, ಹಾಕಬೇಕಾ? ಬ್ಯಾಂಕ್ ನೇಮಕಾತಿಯ ಐಬಿಪಿಎಸ್ ಪರೀಕ್ಷೆಯಲ್ಲಿ ಐದು ಆಪ್ಷನ್, ತಪ್ಪಿಗೆ ಆ ಪ್ರಶ್ನೆಯ ಅಂಕದ ಕಾಲು ಭಾಗ ಕಡಿತ. ಕಣ್ಣು ಮುಚ್ಚಿ ಗುರುತು ಹಾಕಿದರೆ ಒಂದು ಅಂಕದ ಪ್ರಶ್ನೆಗೆ ಸರಾಸರಿ 1/5 − (4/5 × 1/4) = 0, ಲಾಭವೂ ಇಲ್ಲ ನಷ್ಟವೂ ಇಲ್ಲ. ಎರಡೇ ಉಳಿದಿದ್ದರೆ 1/2 − 1/8 = 3/8. ಆಗ ಹಾಕುವುದೇ ಲಾಭ.