ಗೆಯರ್ ಯೆನ್ಸೆನ್: ಸೂರ್ಯ ಹುಟ್ಟದ ಊರಿನ ಸದ್ದು

ಆಂಬಿಯೆಂಟ್ ಸಂಗೀತ ಮೊದಲ ಸಲ ಕೇಳಿದಾಗ, ಹಾಡು ಯಾವಾಗ ಶುರುವಾಗುತ್ತದೆ ಅಂತ ಕಾಯುತ್ತಾ ಕೂತಿದ್ದೆ. ನಿಮಗೂ ಹಾಗೇ ಆದರೆ ಒಂದು ದೃಶ್ಯ ನೆನೆಸಿಕೊಳ್ಳಿ. ಬೆಳಗಿನ ಜಾವ, ಯಕ್ಷಗಾನ ಮುಗಿದಿದೆ. ಭಾಗವತರು ಎದ್ದು ಹೋದರು. ಚಂಡೆ, ಮದ್ದಲೆ ಗಾಡಿ ಸೇರಿದವು. ಶ್ರುತಿ ಪೆಟ್ಟಿಗೆ ಆಫ್ ಮಾಡುವುದನ್ನು ಯಾರೋ ಮರೆತಿದ್ದಾರೆ, ಅದು ಗುಂಯ್ ಎನ್ನುತ್ತಲೇ ಇದೆ. ಹಿಂದೆ ಕುರ್ಚಿ ಮಡಚುವ ಸದ್ದು, ದೂರದಲ್ಲೊಂದು ನಾಯಿ. ಹೆಚ್ಚು ಕಡಿಮೆ ಇದೇ ಆಂಬಿಯೆಂಟ್.

ಗೆಯರ್ ಯೆನ್ಸೆನ್ ಹುಟ್ಟಿದ್ದು 1962ರಲ್ಲಿ, ನಾರ್ವೆಯ ಟ್ರೊಮ್ಸೊದಲ್ಲಿ. ಬಯೋಸ್ಫಿಯರ್ ಎಂಬ ಹೆಸರಲ್ಲಿ ಸಂಗೀತ ಮಾಡುತ್ತಾರೆ. ಅವರ ಊರಲ್ಲಿ ನವೆಂಬರ್ ಕೊನೆಯಿಂದ ಜನವರಿ ನಡುವಿನ ತನಕ ಸೂರ್ಯ ಹುಟ್ಟುವುದೇ ಇಲ್ಲ. 1991 ಮತ್ತು 1994ರ ಆಲ್ಬಂಗಳಲ್ಲಿ ಬೀಟ್ ಇತ್ತು, ಟೆಕ್ನೋ ಎಂಬ ಎಲೆಕ್ಟ್ರಾನಿಕ್ ಕುಣಿತದ ಸಂಗೀತದ ಛಾಯೆ ಇತ್ತು. ಆಮೇಲೆ ಒಂದು ಟ್ರ್ಯಾಕ್ ಲೀವೈಸ್ ಜೀನ್ಸ್ ಜಾಹೀರಾತಿಗೆ ಹೋಗಿ ಹೆಸರೂ ಬಂತು. ಬೇರೆಯವರಾದರೆ ಅದನ್ನೇ ಇನ್ನಷ್ಟು ಸಲ ಮಾಡುತ್ತಿದ್ದರು, ಅಲ್ವಾ? ಇವರು 1997ರ ‘ಸಬ್‌ಸ್ಟ್ರಾಟಾ’ದಲ್ಲಿ ಬೀಟನ್ನೇ ತೆಗೆದುಹಾಕಿದರು.

ಇಲ್ಲಿ ಸ್ವಲ್ಪ ನಿಲ್ಲೋಣ. ಆ ಆಲ್ಬಂ ಶುರುವಾಗುವುದು ದೂರದ ವಿಮಾನದ ಸದ್ದಿನಿಂದ. ಪೋಆ ಆಲ್ಪಿನಾ, ಕೋಬ್ರೇಸಿಯಾ, ಸಿಲೀನ್ ಅಂತ ಟ್ರ್ಯಾಕ್‌ಗಳಿವೆ. ಮೂರೂ ಗಿಡದ ಹೆಸರು. ಮೊದಲನೆಯದು ಚಳಿ ಬೆಟ್ಟದ ಹುಲ್ಲು. ಬೆಟ್ಟವನ್ನು ಬಿಟ್ಟು ಕಾಲಬುಡದ ಹುಲ್ಲಿಗೆ ಬಗ್ಗಿದ ಮನುಷ್ಯ ಇವರು.

ಇನ್ನು ಅವರ ಊರಿನ ಹಿಮ. ಹೊಸದಾಗಿ ಬಿದ್ದ ಹಿಮದ ಒಳಗೆಲ್ಲ ಗಾಳಿ ತುಂಬಿದ ಸಣ್ಣ ಸಣ್ಣ ಸಂದು. ಸದ್ದು ಅದರೊಳಗೆ ಹೊಕ್ಕು ಅಲ್ಲೇ ಸೊರಗುತ್ತದೆ. ಬೆಳಕನ್ನು ಇರುಳು ನುಂಗಿತು, ಸದ್ದನ್ನು ಹಿಮ ನುಂಗಿತು. ಉಳಿದದ್ದರಲ್ಲೇ ಕೆಲಸ ಮಾಡಬೇಕು. ನನಗೆ ಆ ಆಲ್ಬಂ ಕೇಳಿಸುವುದು ಹೀಗೆ. ಸಿಂಥ್ ಎಂಬ ಎಲೆಕ್ಟ್ರಾನಿಕ್ ವಾದ್ಯಕ್ಕೆ ರಿವರ್ಬ್, ಅಂದರೆ ಗುಂಯ್‌ಗುಡುವ ಮಾರ್ದನಿ, ಸುರಿದು, ಮೇಲೊಂದಿಷ್ಟು ಗಾಳಿ ಸದ್ದು ಅಂಟಿಸಿದರೆ ಬಯೋಸ್ಫಿಯರ್ ಆಗುವುದಿಲ್ಲ. ಮಾಡಿ ನೋಡಿಯೇ ಹೇಳುತ್ತಿದ್ದೇನೆ.

2001ರಲ್ಲಿ ಅವರು ಹಿಮಾಲಯದ ಚೊ ಓಯು ಶಿಖರಕ್ಕೆ ಹೋದರು. ದಾರಿಯಲ್ಲಿ ರೆಕಾರ್ಡ್ ಮಾಡಿದ್ದು 2006ರಲ್ಲಿ ಆಲ್ಬಂ ಆಯಿತು. ಯಾಕ್ ಗುಂಪು ಬರುವ ಸದ್ದು, ರೇಡಿಯೋದಲ್ಲಿ ಸಿಕ್ಕಿದ ಸಂಗೀತ, ಪಕ್ಕದ ಟೆಂಟಿನವರು ಆಮ್ಲಜನಕ ಎಳೆದುಕೊಳ್ಳುವ ಸದ್ದು. ಆ ಎತ್ತರದಲ್ಲಿ ಗಾಳಿಯ ಒತ್ತಡ ನಮ್ಮ ಕಡಲ ದಂಡೆಯ ಸುಮಾರು ಮೂರರಲ್ಲೊಂದು ಪಾಲು. ಉಸಿರೇ ದೊಡ್ಡ ಸದ್ದು. ಒಂದು ಟ್ರ್ಯಾಕ್ ಗುಡ್ಡ ಕುಸಿದ ಜಾಗ ದಾಟುವುದರ ಬಗ್ಗೆ. 2024ರ ಜುಲೈನಲ್ಲಿ ಶಿರೂರು ಗುಡ್ಡ ಕುಸಿದ ಮೇಲೆ ಅದನ್ನು ಸುಮ್ನೆ ಕೇಳಲು ನನಗಾಗುತ್ತಿಲ್ಲ.

ಹಾಗಾದರೆ ನಮ್ಮಲ್ಲಿ ಯಾವುದು ಏನನ್ನು ನುಂಗುತ್ತದೆ? ಶಿರಸಿಯ ಮಳೆಯನ್ನು ಮೊಬೈಲಿನಲ್ಲಿ ಹಿಡಿದೆ. ತಗಡಿನ ಮೇಲೆ ಸುರಿಯುವ ಮಳೆಯಲ್ಲಿ ದಪ್ಪ, ಸಪೂರ ಎಲ್ಲ ಸ್ವರವೂ ಒಟ್ಟಿಗೆ ಇರುತ್ತದೆ. ಜೀರುಂಡೆ, ಕಪ್ಪೆ, ಮಾತು ಎಲ್ಲವನ್ನೂ ಅದು ಮುಚ್ಚಿಬಿಟ್ಟಿತ್ತು. ಸಿಕ್ಕಿದ್ದು ಬರೀ ಸೋ ಎನ್ನುವ ಸದ್ದು. ಹಿಮದ ಊರಿನ ಮೌನ ನಮಗೆ ಸಾಲ ಸಿಗುವುದಿಲ್ಲ.

ಕಾರವಾರದ ಬೈತಖೋಲ ಮೀನುಗಾರಿಕೆ ಬಂದರಲ್ಲಿ ಪಾಠ ಸಿಕ್ಕಿತು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧ. ಬಂದರಲ್ಲಿ ಎಂಜಿನ್ ಸದ್ದಿಲ್ಲ. ಆಗ ಕಿವಿಗೆ ಬಿದ್ದದ್ದು ಕಟ್ಟಿದ ಬೋಟುಗಳ ಹಗ್ಗ. ಅಲೆ ಎತ್ತಿದಾಗ ಕಿರ್ ಎಂದು ಬಿಗಿಯುತ್ತದೆ, ಇಳಿದಾಗ ಸಡಿಲ. ಒಂದೊಂದು ಹಗ್ಗಕ್ಕೆ ಒಂದೊಂದು ಸ್ವರ. ಮೊದಲ ಸಲ ಗಾಳಿ ನೇರ ಮೈಕಿಗೆ ಬಡಿದು ಎಲ್ಲ ಭುರ್ ಎಂದು ಹಾಳಾಯಿತು. ಮೈಕಿಗೆ ಸ್ಪಂಜು ತೊಡಿಸಿ, ಗಾಳಿಗೆ ಬೆನ್ನು ಕೊಟ್ಟು ಕೂತ ಮೇಲೆ ಹನ್ನೊಂದು ಸೆಕೆಂಡು ಚೆನ್ನಾಗಿ ಬಂತು.

ನೀವು ಹೋಗುವುದಾದರೆ ಆಗಸ್ಟ್‌ಗೆ ಮೊದಲೇ ಹೋಗಿ. ಕೊಡೆ ಬೇಡ, ರೈನ್‌ಕೋಟ್ ಹಾಕಿ. ಕೊಡೆ ಹಿಡಿದರೆ ಅದರ ಮೇಲೆ ಬೀಳುವ ಹನಿಯೇ ರೆಕಾರ್ಡ್ ಆಗುತ್ತದೆ.