ಪ್ರಿಂಟರ್ ಡ್ರೈವರ್ ತೆಗೆದುಹಾಕುವ ಮೊದಲು ವಿಳಾಸ ನೋಡಿ

ಮನೆಯ ಕಂಪ್ಯೂಟರ್ ಜಾಲ ಸರಿಪಡಿಸಲು ಹೋದಲ್ಲೆಲ್ಲ ನನ್ನ ಕಿವಿಗೆ ಬೀಳುವ ಮೊದಲ ಮಾತು, "ನಿನ್ನೆಯವರೆಗೂ ಸರಿಯಾಗಿಯೇ ಇತ್ತು ಸಾರ್" ಎಂಬುದು. ಈ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ನಿನ್ನೆಗೂ ಇವತ್ತಿಗೂ ನಡುವೆ ಏನು ಬದಲಾಯಿತೆಂದು ವಿಚಾರಿಸಿದರೆ ಅರ್ಧ ಕೆಲಸ ಮುಗಿದಂತೆ.

ಶಿವಮೊಗ್ಗದ ಒಂದು ಮನೆಯಲ್ಲಿ ಬದಲಾಗಿದ್ದದ್ದು ಇಂಟರ್‌ನೆಟ್ ಸಂಪರ್ಕ. ಹೊಸದಾಗಿ ಫೈಬರ್ ಹಾಕಲು ಬಂದವರು ತಮ್ಮ ರೌಟರನ್ನು ಹಜಾರದ ಗೋಡೆಗೆ ಕೂರಿಸಿ, ಮಹಡಿಗೂ ವೈಫೈ ಸಿಗಲೆಂದು ಹಳೆಯ ರೌಟರನ್ನು ಒಂದು ಕೇಬಲ್ಲಿನಿಂದ ಅದಕ್ಕೆ ಜೋಡಿಸಿ ಹೋಗಿದ್ದರು. ಮೇಲೂ ಕೆಳಗೂ ಇಂಟರ್‌ನೆಟ್ ಚೆನ್ನಾಗಿ ಬರುತ್ತಿತ್ತು. ಆದರೆ ಮಹಡಿಯ ಲ್ಯಾಪ್‌ಟಾಪಿಗೆ ಕೆಳಗಿನ ಡೆಸ್ಕ್‌ಟಾಪ್ ಕಾಣಿಸುತ್ತಿರಲಿಲ್ಲ, ಡೆಸ್ಕ್‌ಟಾಪಿನ ಮೂಲಕ ಹಂಚಿಕೊಂಡಿದ್ದ ಪ್ರಿಂಟರೂ ಸಿಗುತ್ತಿರಲಿಲ್ಲ. ಪ್ರಿಂಟರೇ ಕೆಟ್ಟಿದೆಯೆಂದು ಭಾವಿಸಿ ಮನೆಯವರು ಅದನ್ನು ನಡೆಸುವ ತಂತ್ರಾಂಶವಾದ ಡ್ರೈವರನ್ನು ಮೂರು ಸಲ ತೆಗೆದು ಮತ್ತೆ ಹಾಕಿದ್ದರು.

ಎರಡೂ ಯಂತ್ರಗಳಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಜಾಲದಲ್ಲಿ ಯಂತ್ರವನ್ನು ಗುರುತಿಸುವ ಸಂಖ್ಯೆಯನ್ನು, ಅಂದರೆ ಅದರ ವಿಳಾಸವನ್ನು ತೋರಿಸುವ ಐಪಿಕಾನ್ಫಿಗ್ ಆದೇಶ ಕೊಟ್ಟು ನೋಡಿದೆ. ಕೆಳಗಿನದರ ವಿಳಾಸ 192.168.1.10, ಮೇಲಿನದರದ್ದು 192.168.0.104. ಸಾಮಾನ್ಯವಾಗಿ ಮನೆಯ ಜಾಲದಲ್ಲಿ ಮೊದಲ ಮೂರು ಸಂಖ್ಯೆಗಳು ಎಲ್ಲ ಯಂತ್ರಗಳಿಗೂ ಒಂದೇ ಆಗಿರಬೇಕು. ಇಲ್ಲಿ ಮೂರನೆಯದು ಬೇರೆಯಾಗಿತ್ತು. ಅಂದರೆ ಒಂದೇ ಸೂರಿನಡಿ ಎರಡು ಜಾಲಗಳಿದ್ದವು. ಅಕ್ಕಪಕ್ಕದ ಯಂತ್ರಗಳನ್ನು ಹುಡುಕಲು ವಿಂಡೋಸ್ ಕಳುಹಿಸುವ ಸಂದೇಶ ರೌಟರನ್ನು ದಾಟುವುದಿಲ್ಲವಾದ್ದರಿಂದ ಒಂದು ಜಾಲದ ಯಂತ್ರ ಇನ್ನೊಂದಕ್ಕೆ ಕಾಣಿಸುವುದೇ ಇಲ್ಲ. ನಾನು ಹಳೆಯ ರೌಟರಿಗೆ 192.168.1.2 ಎಂಬ ವಿಳಾಸ ಕೊಟ್ಟು, ಅದರಲ್ಲಿ ವಿಳಾಸ ಹಂಚುವ ಡಿಎಚ್‌ಸಿಪಿ ಕೆಲಸವನ್ನು ನಿಲ್ಲಿಸಿ, ಆಮೇಲೆ ಕೇಬಲ್ಲನ್ನು ಹೊರಗಿನ ಸಂಪರ್ಕಕ್ಕೆಂದಿರುವ, ವ್ಯಾನ್ ಎಂದು ಬರೆದಿದ್ದ ಕಿಂಡಿಯಿಂದ ಬಿಚ್ಚಿ ಮನೆಯೊಳಗಿನ ಜಾಲಕ್ಕಿರುವ ಲ್ಯಾನ್ ಕಿಂಡಿಗೆ ಸಿಕ್ಕಿಸಿದೆ. ಈ ಕ್ರಮ ತಪ್ಪಬಾರದು. ಮೊದಲೇ ಕೇಬಲ್ ಬದಲಿಸಿದರೆ ಎರಡು ರೌಟರುಗಳೂ ವಿಳಾಸ ಹಂಚತೊಡಗಿ ಗೊಂದಲ ಹೆಚ್ಚುತ್ತದೆ.

ಇಷ್ಟಾದರೂ ಡೆಸ್ಕ್‌ಟಾಪ್ ತೆರೆದುಕೊಳ್ಳಲಿಲ್ಲ. ರೌಟರ್ ಬದಲಾದಾಗ ವಿಂಡೋಸ್ ಅದನ್ನು ಹೊಸ ಜಾಲವೆಂದೇ ತಿಳಿಯುತ್ತದೆ, ಮತ್ತು ಹೊಸ ಜಾಲವನ್ನು ಬಸ್ ನಿಲ್ದಾಣದ ವೈಫೈಯಂತೆ ಪಬ್ಲಿಕ್ ವರ್ಗಕ್ಕೆ ಸೇರಿಸಿಡುತ್ತದೆ. ಆಗ ಹೊರಗಿನಿಂದ ಬರುವ ಸಂಪರ್ಕಗಳನ್ನು ಕಾಯುವ ಫೈರ್‌ವಾಲ್ ಹಂಚಿಕೆಯನ್ನು ತಡೆಯುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆ ಜಾಲವನ್ನು ಪ್ರೈವೇಟ್ ಎಂದು ಬದಲಿಸಿದರೆ ಸಾಕು. ಫೈರ್‌ವಾಲನ್ನೇ ಪೂರ್ತಿ ಆರಿಸಿಬಿಡಿ ಎಂಬ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

ಮುಂದಿನ ತಡೆ ಪಾಸ್‌ವರ್ಡಿನದು. ಪಾಸ್‌ವರ್ಡ್ ಕೇಳುವ ಕಿಟಕಿ ಬಂತೆಂದರೆ ಕೇಬಲ್, ವಿಳಾಸ, ಫೈರ್‌ವಾಲ್ ಎಲ್ಲವೂ ಸರಿಯಿವೆ ಎಂದೇ ಅರ್ಥ. ಮತ್ತೆ ಅವುಗಳ ತಂಟೆಗೆ ಹೋಗಬಾರದು. ಬಹಳ ಜನ ಇಲ್ಲಿ ತಾವು ದಿನವೂ ಒತ್ತುವ ನಾಲ್ಕಂಕಿಯ ಪಿನ್ ಹಾಕಿ ಸೋಲುತ್ತಾರೆ. ಪಿನ್ ಆ ಒಂದು ಯಂತ್ರಕ್ಕೆ ಮಾತ್ರ ಸಲ್ಲುತ್ತದೆ, ಜಾಲದ ಮೇಲೆ ನಡೆಯುವುದಿಲ್ಲ. ಪಾಸ್‌ವರ್ಡೇ ಇಲ್ಲದ ಖಾತೆಯನ್ನೂ ವಿಂಡೋಸ್ ಜಾಲದಿಂದ ಒಳಗೆ ಬಿಡುವುದಿಲ್ಲ. ಹಂಚುವ ಯಂತ್ರದಲ್ಲಿ ಇದಕ್ಕೆಂದೇ ಪಾಸ್‌ವರ್ಡ್ ಇರುವ ಒಂದು ಸ್ಥಳೀಯ ಖಾತೆ ತೆರೆಯುವುದು ನನ್ನ ಅನುಭವದಲ್ಲಿ ಅತ್ಯಂತ ನೆಮ್ಮದಿಯ ದಾರಿ. ಒಳಗೆ ಹೋದ ಮೇಲೂ ಫೈಲ್ ಉಳಿಸಲಾಗದಿದ್ದರೆ, ಫೋಲ್ಡರಿನ ಶೇರಿಂಗ್ ಮತ್ತು ಸೆಕ್ಯುರಿಟಿ ಪುಟಗಳೆರಡನ್ನೂ ನೋಡಬೇಕು, ಏಕೆಂದರೆ ಎರಡರಲ್ಲಿ ಯಾವುದು ಬಿಗಿಯೋ ಅದೇ ಜಾರಿಯಾಗುತ್ತದೆ.

ಹಳೆಯ ನೆಟ್‌ವರ್ಕ್ ಹಾರ್ಡ್‌ಡಿಸ್ಕ್ ಇರುವವರ ಕಷ್ಟ ಬೇರೆ. ಅಂಥ ಅನೇಕ ಸಾಧನಗಳಿಗೆ ಫೈಲ್ ಹಂಚಿಕೆಯ ಮೊದಲ ಭಾಷೆಯಾದ ಎಸ್‌ಎಂಬಿ-1 ಬಿಟ್ಟು ಬೇರೆ ತಿಳಿಯದು. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಹಬ್ಬಿದ್ದು ಇದೇ ಎಸ್‌ಎಂಬಿ-1ರ ದೋಷವೊಂದನ್ನು ಹಿಡಿದು; ಅದನ್ನು ಮುಚ್ಚುವ ತಿದ್ದುಪಡಿಯನ್ನು ಮೈಕ್ರೋಸಾಫ್ಟ್ ಅದೇ ಮಾರ್ಚಿನಲ್ಲೇ ಕೊಟ್ಟಿದ್ದರೂ ಹಲವರು ಹಾಕಿಕೊಂಡಿರಲಿಲ್ಲ. ಆ ವರ್ಷದ ಕೊನೆಯ ಭಾಗದಲ್ಲಿ ಬಂದ ವಿಂಡೋಸ್ 10ರ ಆವೃತ್ತಿಯಿಂದ, ಹೊಸದಾಗಿ ಅಳವಡಿಸಿದ ಯಂತ್ರಗಳಲ್ಲಿ ಎಸ್‌ಎಂಬಿ-1 ತಾನಾಗಿ ಇರುವುದಿಲ್ಲ. ಅದನ್ನು ಮತ್ತೆ ಚಾಲೂ ಮಾಡಿಕೊಡಿ ಎಂದು ಕೇಳುವವರಿಗೆ ನಾನು ಒಪ್ಪುವುದಿಲ್ಲ. ಹಳೆಯ ಡಿಸ್ಕಿನ ಫೋಟೋಗಳನ್ನೂ ಕಾಗದಪತ್ರಗಳನ್ನೂ ಹೊಸದಕ್ಕೆ ನಕಲು ಮಾಡಿಕೊಟ್ಟು, ಅದನ್ನು ಜಾಲದಿಂದ ಬಿಡಿಸುತ್ತೇನೆ.

ಪ್ರಿಂಟರಿನ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಅದಕ್ಕೆ ಸ್ವಂತ ವೈಫೈ ಅಥವಾ ಕೇಬಲ್ ಕಿಂಡಿ ಇದ್ದರೆ ಇನ್ನೊಂದು ಕಂಪ್ಯೂಟರಿನ ಮೂಲಕ ಹಂಚಬೇಡಿ. ಹಂಚಿದ ಕಂಪ್ಯೂಟರ್ ನಿದ್ರೆಗೆ ಜಾರಿದರೆ ಪ್ರಿಂಟರೂ ಇಲ್ಲವಾಗುತ್ತದೆ. ಜೊತೆಗೆ 2021ರಲ್ಲಿ ವಿಂಡೋಸ್ ಮುದ್ರಣ ಸೇವೆಯ ದೊಡ್ಡ ದೋಷಗಳನ್ನು ಮುಚ್ಚಿದ ಮೇಲೆ ನಿಯಮಗಳು ಬಿಗಿಯಾಗಿದ್ದು, ಒಂದು ಯಂತ್ರಕ್ಕೆ ಅಪ್‌ಡೇಟ್ ಆಗಿ ಇನ್ನೊಂದಕ್ಕೆ ಆಗದೆ ಉಳಿದಾಗ ಸಂಪರ್ಕ ತಪ್ಪುವ ಪ್ರಸಂಗಗಳಿವೆ. ನೇರವಾಗಿ ಜಾಲಕ್ಕೆ ಸೇರಿಸಿದ ಪ್ರಿಂಟರಿಗೆ ಈ ಎರಡೂ ತೊಡಕಿಲ್ಲ. ಅದರ ವಿಳಾಸ ಬದಲಾದಾಗ ಕಂಪ್ಯೂಟರ್ ಹಳೆಯ ವಿಳಾಸಕ್ಕೇ ಕಳುಹಿಸುತ್ತ ಆಫ್‌ಲೈನ್ ಎಂದು ತೋರಿಸಬಹುದು. ಆದ್ದರಿಂದ ರೌಟರಿನಲ್ಲೇ ಅದಕ್ಕೊಂದು ವಿಳಾಸ ಕಾಯ್ದಿರಿಸಬೇಕು.

ಶಿವಮೊಗ್ಗದ ಆ ಪ್ರಿಂಟರಿನ ಹಿಂಬದಿಯಲ್ಲಿ ಧೂಳು ಕಟ್ಟಿದ ಕೇಬಲ್ ಕಿಂಡಿಯೊಂದಿತ್ತು. ಅದುವರೆಗೆ ಯಾರೂ ಅದನ್ನು ಬಳಸಿರಲಿಲ್ಲ. ಅದನ್ನು ಹಜಾರದ ರೌಟರಿಗೆ ಜೋಡಿಸಿ, 192.168.1.50 ಎಂಬ ವಿಳಾಸ ಕಾಯ್ದಿರಿಸಿ, ಆ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಮುಚ್ಚಳದ ಒಳಬದಿಗೆ ಅಂಟಿಸಿ ಬಂದೆ.